ಅವತಾರ ಮತ್ತು ಅವತಾರ್

ನವರಾತ್ರಿಯ ಬೆಳಿಗ್ಗೆ ವಿಜಯವಾಡದ ಯಾವುದಾದರೂ ಚಹಾ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ನಾಲ್ಕು ಸಲವಾದರೂ ಒಂದೇ ಪ್ರಶ್ನೆ ಕಿವಿಗೆ ಬೀಳುತ್ತದೆ: ‘ಈರೋಜು ಅಮ್ಮವಾರು ಏ ಅವತಾರಂ?’ ಅಮ್ಮನವರು ಇವತ್ತು ಯಾವ ಅವತಾರ? ಕೇಳುವವರು ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಕಡೆ ಕತ್ತೆತ್ತಿಯೂ ನೋಡುವುದಿಲ್ಲ. ಹೇಳುವವರೂ ಗ್ಲಾಸು ತೊಳೆಯುತ್ತಲೇ ಹೇಳುತ್ತಾರೆ: ಬಾಲಾ ತ್ರಿಪುರಸುಂದರಿ, ಗಾಯತ್ರಿ, ಅನ್ನಪೂರ್ಣೆ, ಲಲಿತೆ. ಮೂಲಾ ನಕ್ಷತ್ರದ ದಿನ ಸರಸ್ವತಿ. ಆ ದಿನದ ಜನಸಂದಣಿಯೇ ಬೇರೆ. ರಾಜ್ಯ ಸರಕಾರದ ಪಟ್ಟುವಸ್ತ್ರ ಬೆಟ್ಟ ಹತ್ತುವುದೂ ಅಂದೇ. ಮುಂದೆ ದುರ್ಗೆ, ಮಹಿಷಾಸುರಮರ್ದಿನಿ, ವಿಜಯದಶಮಿಗೆ ರಾಜರಾಜೇಶ್ವರಿ. ಪಟ್ಟಿ ಒಂದೊಂದು ವರ್ಷ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತದೆ.

ದೇವಸ್ಥಾನದ ಕರಪತ್ರದಲ್ಲಿ ಇವಕ್ಕೆಲ್ಲ ‘ಅಲಂಕಾರ’ ಎಂಬ ಹೆಸರಿದೆ. ಶಾಸ್ತ್ರದ ಮಾತೂ ಅದೇ. ಗರ್ಭಗುಡಿಯ ಕನಕದುರ್ಗೆ ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಂದಲೂ ಬರುವುದಿಲ್ಲ. ಬದಲಾಗುವುದು ಸೀರೆ, ಕಿರೀಟ, ಕೈಯ ಆಯುಧ, ಹೂವು. ವಿಷ್ಣು ಮೀನಾದ, ಆಮೆಯಾದ ಎನ್ನುವ ಅರ್ಥದಲ್ಲಿ ಇದು ಅವತಾರವಲ್ಲ. ಈ ಪಾಂಡಿತ್ಯವನ್ನು ನಾನು ಒಮ್ಮೆ ಚಹಾದವನ ಮುಂದೆ ಬಿಚ್ಚಿ ಕೂತಿದ್ದೆ. ಅವನು ಸ್ಟೌವಿನಿಂದ ಕಣ್ಣೆತ್ತದೆ ಅಂದ: ‘ಅಲಂಕಾರಂ ಅಂಟೇ ಚೀರ ಸಾರ್, ಅವತಾರಂ ಅಂಟೇ ಅಮ್ಮ.’ ಅಲಂಕಾರವೆಂದರೆ ಸೀರೆ, ಅವತಾರವೆಂದರೆ ಅಮ್ಮ. ನನ್ನ ಬಾಯಿ ಅಲ್ಲಿಗೆ ಮುಚ್ಚಿತು. ಆದರೆ ಈ ಪದದ ಬೆನ್ನು ಹತ್ತಿದ್ದು ಅವತ್ತಿನಿಂದಲೇ.

ಯಾಕೆಂದರೆ ಇವತ್ತು ಇದು ನಮ್ಮದಷ್ಟೇ ಆಗಿ ಉಳಿದಿಲ್ಲ. ಇಂಗ್ಲಿಷಿನ ಯಾವ ನಿಘಂಟು ತೆರೆದರೂ ‘ಅವತಾರ್’ ಇದೆ. ಪಕ್ಕದಲ್ಲಿ ಸಮಾನಾರ್ಥಕಗಳ ಸಾಲೂ ಇದೆ: ಇನ್‌ಕಾರ್ನೇಶನ್, ಎಂಬಾಡಿಮೆಂಟ್, ಪರ್ಸಾನಿಫಿಕೇಶನ್, ಮ್ಯಾನಿಫೆಸ್ಟೇಶನ್. ಕೆಳಗೆ ಇನ್ನೊಂದು ಅರ್ಥ: ಕಂಪ್ಯೂಟರ್ ಪರದೆಯ ಮೇಲೆ ನಮ್ಮ ಬದಲಿಗೆ ನಿಲ್ಲುವ ಚಿತ್ರ. ದೇವರ ಮನೆಯಿಂದ ಹೊರಟ ಪದವೊಂದು ಮಕ್ಕಳ ಮೊಬೈಲಿಗೆ ಬಂದು ಕೂರುವವರೆಗಿನ ದಾರಿಯನ್ನು ನೋಡಲು ವಿಜಯವಾಡ, ವಿಶಾಖಪಟ್ಟಣಗಳಿಗಿಂತ ಒಳ್ಳೆಯ ಜಾಗ ನನಗೆ ತೋಚದು. ಬೆಂಗಳೂರಿನಿಂದ ಹೊರಡುವ ಪ್ರಶಾಂತಿ ಎಕ್ಸ್‌ಪ್ರೆಸ್ ಎರಡನ್ನೂ ಮುಟ್ಟುತ್ತದೆ. ವಿಜಯವಾಡದ ಬೆಟ್ಟದ ಮೇಲೆ ದಿನಕ್ಕೊಂದು ರೂಪ ತೊಡುವ ದೇವಿ. ವೈಜಾಗಿನ ಬೆಟ್ಟದ ಮೇಲೆ ವರ್ಷಕ್ಕೊಂದೇ ದಿನ ರೂಪ ತೋರುವ ದೇವರು. ಪದದ ಎರಡು ತುದಿಗಳು ಈ ಎರಡು ಬೆಟ್ಟಗಳಲ್ಲಿವೆ.

ಮೊದಲು ಪದದ ಮೂಲ. ‘ತೄ’ ಎಂದರೆ ದಾಟು, ‘ಅವ’ ಎಂದರೆ ಕೆಳಗೆ. ಎರಡೂ ಸೇರಿದರೆ ಇಳಿಯುವುದು. ತೀರ್ಥ, ತರಣ, ತಾರಕ ಎಲ್ಲ ಇದೇ ಬೇರಿನ ಚಿಗುರುಗಳು. ಅವತಾರ ಎಂಬ ರೂಪ ಹೇಗೆ ಸಿದ್ಧಿಸುತ್ತದೆ ಎನ್ನಲು ಪಾಣಿನಿಯಲ್ಲಿ ಒಂದು ಸೂತ್ರವೇ ಇದೆ. ನೀರಿಗಿಳಿಯುವ ದಾರಿ, ಮೆಟ್ಟಿಲು ಎಂಬ ಅರ್ಥವೂ ಈ ಪದಕ್ಕೆ ಹಿಂದಿನಿಂದ ಉಂಟು. ದುರ್ಗೆಯ ಬೆಟ್ಟದ ಬುಡದಲ್ಲಿ ಕೃಷ್ಣೆಗೆ ಇಳಿಯುವ ದುರ್ಗಾಘಾಟಿನ ಮೆಟ್ಟಿಲುಗಳನ್ನು ಹಳೆಯ ಸಂಸ್ಕೃತದಲ್ಲಿ ‘ಅವತಾರ’ ಎಂದರೆ ತಪ್ಪೇನೂ ಆಗದು. ನಮ್ಮ ಬೆಳಗಾವಿ, ಬಾಗಲಕೋಟೆ, ರಾಯಚೂರುಗಳನ್ನು ಹಾದು ಹೋದ ನೀರು ಇಲ್ಲಿ 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜಿಗೆ ಒರಗಿ ನಿಂತಿರುತ್ತದೆ. ಜನ ಸೆರಗು ಸಿಕ್ಕಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಪದದ ಆದಿಯಲ್ಲಿದ್ದದ್ದು ಇಷ್ಟೇ: ಮೇಲಿನಿಂದ ಕೆಳಕ್ಕೆ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ.

ದೇವರ ವಿಷಯಕ್ಕೆ ಈ ಪದ ಅಂಟಿದ್ದು ತಡವಾಗಿ. ಅವತಾರ ಎಂದೊಡನೆ ಎಲ್ಲರೂ ಎತ್ತುವ ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ, ನಿಜಕ್ಕೂ ಇಡೀ ಗೀತೆಯಲ್ಲಿ, ಅವತಾರ ಎಂಬ ಪದವೇ ಇಲ್ಲ. ಅಲ್ಲಿ ಕೃಷ್ಣ ಬಳಸುವುದು ಹುಟ್ಟು, ಸೃಷ್ಟಿ ಎಂಬ ಅರ್ಥದ ಕ್ರಿಯಾಪದಗಳನ್ನು. ಮಹಾಭಾರತದ ನಾರಾಯಣೀಯದಲ್ಲೂ ಹರಿವಂಶದಲ್ಲೂ ‘ಪ್ರಾದುರ್ಭಾವ’ ಎಂಬ ಪದ ಓಡಾಡುತ್ತದೆ, ಎಂದರೆ ಕಾಣಿಸಿಕೊಳ್ಳುವುದು. ಹುಟ್ಟು, ಕಾಣಿಸಿಕೊಳ್ಳುವಿಕೆ, ಇಳಿತ ಎಂಬ ಮೂರರಲ್ಲಿ ಕೊನೆಗೆ ಗೆದ್ದದ್ದು ಇಳಿತ. ಸಂಖ್ಯೆಯೂ ಹತ್ತಕ್ಕೆ ನಿಂತಿರಲಿಲ್ಲ. ಭಾಗವತ ಒಂದು ಕಡೆ ಇಪ್ಪತ್ತೆರಡನ್ನು ಎಣಿಸಿ, ಕಡೆಗೆ ಲೆಕ್ಕವೇ ಇಲ್ಲ ಎಂದು ಕೈಬಿಡುತ್ತದೆ.

ಲೆಕ್ಕ ತಪ್ಪಿಸುವುದರಲ್ಲಿ ಸಿಂಹಾಚಲ ಇನ್ನೂ ಮುಂದೆ. ವಿಶಾಖಪಟ್ಟಣದ ಹಿಂಬದಿಯ ಬೆಟ್ಟದ ಈ ದೇವರ ಹೆಸರು ವರಾಹಲಕ್ಷ್ಮೀನರಸಿಂಹ. ಮೂರನೆಯದೂ ನಾಲ್ಕನೆಯದೂ ಒಂದೇ ಮೂರ್ತಿಯಲ್ಲಿ: ಮುಖ ವರಾಹದ್ದು, ಮೈ ಮನುಷ್ಯನದು, ಬಾಲ ಸಿಂಹದ್ದು. ಆದರೆ ಇದನ್ನು ಕಣ್ಣಾರೆ ಕಾಣಲು ವರ್ಷವಿಡೀ ಕಾಯಬೇಕು. ಅಕ್ಷಯ ತೃತೀಯೆಯ ಒಂದು ದಿನ ಬಿಟ್ಟರೆ ಉಳಿದ ಕಾಲವೆಲ್ಲ ಮೂರ್ತಿ ಗಂಧದ ಲೇಪದೊಳಗೆ ಹೂತಿರುತ್ತದೆ. ಹೊರಗಿನಿಂದ ನೋಡಿದವರಿಗೆ ಲಿಂಗದಂಥ ಒಂದು ಮುದ್ದೆ. ಹಣೆಯಿಲ್ಲ, ಕಣ್ಣಿಲ್ಲ, ಕೈಕಾಲಿಲ್ಲ.

ಗಂಧದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಉತ್ಸವಕ್ಕೆ ದಿನಗಳ ಮುಂಚೆಯೇ ಗುಡಿಯೊಳಗೆ ‘ಚಂದನಂ ಅರಗದೀತ’, ಅಂದರೆ ಗಂಧ ತೇಯುವ ಕೆಲಸ ಶುರುವಾಗುತ್ತದೆ. ಕೊರಡು, ಸಾಣೆಕಲ್ಲು, ನೀರು, ಸರದಿಯ ಮೇಲೆ ಕೂರುವ ಮಂದಿ. ಅಕ್ಷಯ ತೃತೀಯೆಯಂದು ಹಳೆಯ ಲೇಪವನ್ನು ಸುಲಿದು ಹನ್ನೆರಡು ಗಂಟೆಗಳಷ್ಟು ಹೊತ್ತು ‘ನಿಜರೂಪ ದರ್ಶನಂ’. ಆ ರಾತ್ರಿಯೇ ಮೊದಲ ಕಂತಿನ ಗಂಧ ಏರುತ್ತದೆ. ಆಮೇಲೆ ವೈಶಾಖ, ಜ್ಯೇಷ್ಠ, ಆಷಾಢದ ಹುಣ್ಣಿಮೆಗಳಲ್ಲಿ ಇನ್ನೂ ಮೂರು ಕಂತು. ಪ್ರತಿ ಸಲ ಮೂರು ಮಣ, ಈಗಿನ ತೂಕದಲ್ಲಿ ಸುಮಾರು 125 ಕಿಲೋ. ಉಗ್ರಮೂರ್ತಿಯನ್ನು ತಣ್ಣಗಿಡಲು ಎಂದು ಹೇಳುವವರಿದ್ದಾರೆ. ಪುರೂರವ ಚಕ್ರವರ್ತಿ ಈ ಮೂರ್ತಿಯನ್ನು ಹುತ್ತದೊಳಗೆ ಕಂಡ, ತೆಗೆದ ಮಣ್ಣಿನಷ್ಟೇ ಗಂಧ ಮುಚ್ಚಬೇಕೆಂದು ಅಪ್ಪಣೆಯಾಯಿತು ಎಂಬುದು ಸ್ಥಳಪುರಾಣ. ನನಗೆ ಎರಡನೆಯದೇ ಇಷ್ಟ. ಇಳಿದು ಬಂದವನು ಮತ್ತೆ ಮಣ್ಣಿನೊಳಗೇ ಇರಬಯಸಿದ ಅನ್ನುವುದು ಅವತಾರಕ್ಕೆ ಒಪ್ಪುವ ಕಥೆ.

ಈ ಬೆಟ್ಟದ ಗೋಡೆಕಂಬಗಳ ಮೇಲೆ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಕನ್ನಡಿಗರು ಹುಡುಕುವ ಹೆಸರು ಕೃಷ್ಣದೇವರಾಯನದು. ಗಜಪತಿಯ ಮೇಲಿನ ದಂಡಯಾತ್ರೆಯಲ್ಲಿ ಇಲ್ಲಿಗೆ 1516ರಲ್ಲಿ ಬಂದ, 1519ರಲ್ಲಿ ಮತ್ತೆ ಬಂದ, ಆಭರಣಗಳನ್ನು ಒಪ್ಪಿಸಿದ. ಗಂಧದ ಮುದ್ದೆಗೆ ವಜ್ರವೈಡೂರ್ಯ ಯಾಕೆ ಎಂದು ಕೇಳುವ ಧೈರ್ಯ ಯಾರಿಗಿತ್ತು? ಆದರೆ ನನಗೆ ರಾಯನಿಗಿಂತ ಎರಡೂಕಾಲು ಶತಮಾನ ಹಿಂದಿನ ಇನ್ನೊಬ್ಬರು ಮುಖ್ಯ: ಮಧ್ವಾಚಾರ್ಯರ ಶಿಷ್ಯ ನರಹರಿತೀರ್ಥರು. ದಾಸಸಾಹಿತ್ಯದ ಆದಿಯಲ್ಲಿ ನಿಲ್ಲಿಸುವ ಹೆಸರು. ಅವರು ಕಳಿಂಗದಲ್ಲಿ ಅಧಿಕಾರ ನಡೆಸಿದವರು. ಸಿಂಹಾಚಲದಿಂದ ಉತ್ತರಕ್ಕೆ, ಕೂರ್ಮಾವತಾರವನ್ನೇ ಮೂಲದೇವರಾಗಿಟ್ಟುಕೊಂಡ ಶ್ರೀಕೂರ್ಮಂನಲ್ಲಿ ಅವರ 1281ರ ಶಾಸನವಿದೆ. ಮೀನು, ಆಮೆ, ಹಂದಿ, ಸಿಂಹ ಎಂಬ ಮೊದಲ ನಾಲ್ಕರಲ್ಲಿ ಮೂರನ್ನು ಈ ಕರಾವಳಿಯ ಎರಡೇ ಗುಡಿಗಳಲ್ಲಿ ನೋಡಿ ಮುಗಿಸಬಹುದು. ಅವುಗಳ ನಡುವೆ ಓಡಾಡಿದ ಈ ಕನ್ನಡ ಬಲ್ಲ ಸನ್ಯಾಸಿಯ ಗುರುಗಳು ಅವತಾರದ ಬಗ್ಗೆ ಬಲು ಗಟ್ಟಿಯಾಗಿ ಹೇಳಿದವರು: ಮೂಲರೂಪಕ್ಕೂ ಅವತಾರರೂಪಕ್ಕೂ ಎಳ್ಳಷ್ಟೂ ಭೇದವಿಲ್ಲ. ಮೀನಾಗಿ ಬಂದವನು ಕಡಿಮೆ, ವೈಕುಂಠದಲ್ಲಿರುವವನು ಹೆಚ್ಚು ಎಂಬುದಿಲ್ಲ. ಶ್ರೀವೈಷ್ಣವರು ಇನ್ನೊಂದು ಹೆಜ್ಜೆ ಇಟ್ಟು ಗುಡಿಯ ವಿಗ್ರಹವೇ ಒಂದು ಅವತಾರ, ‘ಅರ್ಚಾವತಾರ’ ಅಂದರು. ಹಾಗೆ ನೋಡಿದರೆ ವಿಜಯವಾಡದ ಚಹಾದವನು ಶಾಸ್ತ್ರಕ್ಕೆ ನನಗಿಂತ ಹತ್ತಿರವಿದ್ದ.

ಅವತಾರಕ್ಕೆ ನಮ್ಮವರೇ ಇಟ್ಟ ನೆರೆಹೊರೆಯ ಪದಗಳನ್ನು ಕೆದಕಿದರೆ ಇಂಗ್ಲಿಷ್ ಸಾಲು ಬಡವಾಗಿ ಕಾಣುತ್ತದೆ. ಪೂರ್ತಿ ಇಳಿದರೆ ಅವತಾರ. ಸ್ವಲ್ಪ ಇಳಿದರೆ ಅಂಶ. ಪುರಂದರದಾಸರು ನಾರದಾಂಶರು ಎನ್ನುತ್ತೇವೆ. ಇದ್ದವರ ಮೈಯೊಳಗೆ ಹೊಕ್ಕು ಕೆಲಸ ಮುಗಿಸಿ ಹೊರಟರೆ ಆವೇಶ. ಈ ಆವೇಶಕ್ಕೆ ಇಂಗ್ಲಿಷಿನಲ್ಲೊಬ್ಬ ದೂರದ ದಾಯಾದಿಯಿದ್ದಾನೆ. ‘ಎಂಥೂಸಿಯಾಸಂ’ ಎಂಬ ಪದದ ಗ್ರೀಕ್ ಮೂಲ ಹುಡುಕಿದರೆ ಸಿಗುವುದು ‘ಒಳಗೆ ದೇವರು’. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಬೈಗುಳ: ದೇವರು ನನ್ನ ಮೈಮೇಲೆ ಬಂದಿದ್ದಾನೆ ಎಂದು ಕೂಗಾಡುವವರ ಹುಚ್ಚಿಗೆ ಇಟ್ಟ ಹೆಸರು. ಈಗ ನೌಕರಿ ಸಂದರ್ಶನದಲ್ಲಿ ಅಂಕ ತರುವ ಗುಣ. ನಮ್ಮ ಆವೇಶವೂ ಅದೇ ದಾರಿ ಹಿಡಿದು ದೈವಸ್ಥಾನದಿಂದ ಚುನಾವಣಾ ಭಾಷಣಕ್ಕೆ ಬಂದಿದೆ. ಒಡಿಶಾದ ಜಗನ್ನಾಥ ಮಾತ್ರ ಇನ್ನೂ ಕೆಟ್ಟ ಪಾಡು ಪಟ್ಟ. ಪುರಿಯ ತೇರಿನ ಕೆಳಗೆ ಭಕ್ತರು ಬಿದ್ದು ಸಾಯುತ್ತಾರೆಂಬ ಪ್ರವಾಸಿಗಳ, ಪಾದ್ರಿಗಳ ವರ್ಣನೆಯಿಂದ ‘ಜಗ್ಗರ್‌ನಾಟ್’ ಹುಟ್ಟಿ, ಸಿಕ್ಕಿದ್ದನ್ನೆಲ್ಲ ಅರೆದು ಹೋಗುವ ಯಂತ್ರಕ್ಕೆ ಹೆಸರಾಯಿತು. ಬ್ರಿಟನ್ನಿನಲ್ಲಿ ದೊಡ್ಡ ಲಾರಿಗೂ ಅದೇ ಹೆಸರು. ಅವತಾರಕ್ಕೆ ಅಂಥ ಅಪಮಾನವಾಗಲಿಲ್ಲ ಎಂಬುದೇ ಸಮಾಧಾನ.

ಇನ್ನೊಂದು ನೆರೆಪದ ವೇಷ. ಇದಕ್ಕೆ ಮತ್ತೆ ಇಂದ್ರಕೀಲಾದ್ರಿಗೇ ಬರಬೇಕು. ಅರ್ಜುನ ಪಾಶುಪತಕ್ಕಾಗಿ ತಪಸ್ಸು ಮಾಡಿದ್ದು ಇಲ್ಲಿಯೇ ಎಂದು ಊರು ನಂಬುತ್ತದೆ. ಶಿವ ಬೇಡನಾಗಿ ಬಂದು, ಒಂದು ಹಂದಿಯ ನೆಪದಲ್ಲಿ ಜಗಳ ತೆಗೆದು, ಮಲ್ಲಯುದ್ಧ ಮಾಡಿದ. ಅದನ್ನು ಕಿರಾತಾವತಾರ ಎನ್ನುವವರು ಕಡಿಮೆ. ಕಿರಾತವೇಷ. ವ್ಯತ್ಯಾಸ ಸಣ್ಣದಲ್ಲ. ವೇಷ ಕಳಚಿಡುವುದಕ್ಕೆ, ಅವತಾರ ಬದುಕಿ ಮುಗಿಸುವುದಕ್ಕೆ. ರಾಮ ಕಾಡಿಗೆ ಹೋಗಲೇಬೇಕು, ಹೆಂಡತಿಯನ್ನು ಕಳೆದುಕೊಳ್ಳಲೇಬೇಕು. ಬೇಡನಾದ ಶಿವ ಸಂಜೆಗೆ ಮನೆ ಸೇರುತ್ತಾನೆ. ಇದೇ ಕಥೆಯನ್ನು ಕನ್ನಡದಲ್ಲಿ ಹೇಳಿದ ಪಂಪನ ಹಿರೀಕರು ಇಲ್ಲೇ ಆಚೆಯ ವೆಂಗಿಮಂಡಲದವರು. ಅವನು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಬೆರೆಸಿದಾಗ ಅದಕ್ಕೆ ಏನೆನ್ನಬೇಕು? ಅವತಾರವಲ್ಲ, ವೇಷವೂ ಅಲ್ಲ. ‘ಅಪರ’, ‘ಅಭಿನವ’ ಎಂಬ ಸೊಗಸಾದ ಮಾತುಗಳನ್ನು ಕನ್ನಡ ಇಂಥದ್ದಕ್ಕಾಗಿಯೇ ಬೆಳೆಸಿತು. ನಾಗಚಂದ್ರ ಅಭಿನವಪಂಪನಾದದ್ದು ಹಾಗೆ. ಇಂಗ್ಲಿಷಿನಲ್ಲಿ ಇದಕ್ಕೂ ಅವತಾರ್ ಎಂದೇ ಬರೆದು ಮುಗಿಸುತ್ತಾರೆ.

ನಮ್ಮ ಹಗಲುವೇಷದವರು ತೆಲುಗರ ಪಗಟಿವೇಷಾಲಿನ ಒಡಹುಟ್ಟಿದವರು. ಕರ್ನಾಟಕದಲ್ಲಿ ಮನೆಮುಂದೆ ಬಂದು ಹನುಮಂತನಾಗಿ ಕುಣಿಯುವವರಲ್ಲಿ ಅನೇಕರ ಮನೆಮಾತು ತೆಲುಗೇ. ಅವರು ತಮ್ಮ ಕಸುಬನ್ನು ಅವತಾರ ಅನ್ನುವುದಿಲ್ಲ, ವೇಷ ಅನ್ನುತ್ತಾರೆ; ಪ್ರಾಮಾಣಿಕ ಜನ. ಇತ್ತ ಕರಾವಳಿಯ ಯಕ್ಷಗಾನದಲ್ಲಿ ಆಟದ ಹಳೆಯ ಹೆಸರೇ ದಶಾವತಾರ, ಆದರೆ ಚೌಕಿಯೊಳಗೆ ಸ್ತ್ರೀವೇಷ, ಬಣ್ಣದ ವೇಷ. ಬೆಳಕಿನಲ್ಲಿ ಅವತಾರ, ಬಣ್ಣ ಹಚ್ಚುವಾಗ ವೇಷ. ಸಿನಿಮಾ ಬಂದ ಮೇಲೆ ಈ ಗೆರೆಯೂ ಅಳಿಸಿತು. ಕೃಷ್ಣಾ ಜಿಲ್ಲೆಯ ನಿಮ್ಮಕೂರಿನಲ್ಲಿ ಹುಟ್ಟಿದ ಎನ್.ಟಿ. ರಾಮರಾವ್ 1957ರ ‘ಮಾಯಾಬಜಾರ್’ನಲ್ಲಿ ಕೃಷ್ಣನಾದ ಮೇಲೆ ತೆಲುಗರ ಕಣ್ಣಿಗೆ ಕೃಷ್ಣನ ಮುಖ ಅದೇ ಆಯಿತು. 1983ರಲ್ಲಿ ಅವರು ಮುಖ್ಯಮಂತ್ರಿಯಾದಾಗ ಜನ ಮತ ಹಾಕಿದ್ದು ಪಾತ್ರಕ್ಕೋ, ವೇಷಕ್ಕೋ, ಅವತಾರಕ್ಕೋ ಎಂದು ಬಿಡಿಸಿ ಹೇಳುವುದು ಕಷ್ಟ.

ಈಗ ಇಂಗ್ಲಿಷಿನ ಕಡೆ. ಅವರ ನಿಘಂಟುಕಾರರು ಈ ಪದದ ಮೊದಲ ಬಳಕೆಯನ್ನು 1784ಕ್ಕೆ ಇಡುತ್ತಾರೆ. ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್ ಗ್ರೀಸ್, ಇಟಲಿ, ಭಾರತದ ದೇವತೆಗಳನ್ನು ಹೋಲಿಸಿ ಪ್ರಬಂಧ ಬರೆದ ವರ್ಷ ಅದು. ಆಗ ಅವರ ಕೈಯಲ್ಲಿ ಮೊದಲೇ ಒಂದು ಪದವಿತ್ತು: ಇನ್‌ಕಾರ್ನೇಶನ್. ಅದರ ಲ್ಯಾಟಿನ್ ಬೇರು ಮಾಂಸ. ದೇವರು ಮಾಂಸದೊಳಗಾದ ಎಂಬುದು ಅವರ ಮಾತು. ದೇವರು ಇಳಿದ ಎಂಬುದು ನಮ್ಮದು. ಒಂದಕ್ಕೆ ಮೈ ಮುಖ್ಯ, ಇನ್ನೊಂದಕ್ಕೆ ದಾರಿ ಮುಖ್ಯ. ಅವರದು ಒಂದೇ ಸಲ, ಯುಗಕ್ಕೆಲ್ಲ ಒಮ್ಮೆ. ನಮ್ಮದು ಹಂದಿ ಆಮೆಗಳೂ ಸೇರಿದಂತೆ ಮತ್ತೆ ಮತ್ತೆ. ನಿಘಂಟಿನಲ್ಲಿ ಅಕ್ಕಪಕ್ಕ ಕೂತ ಮಾತ್ರಕ್ಕೆ ಇವು ಸಮಾನಾರ್ಥಕಗಳಾಗವು.

ಇದನ್ನು ಕಿತಾಬಿನಲ್ಲಿ ಓದಿ ತಿಳಿದವರಿಗಿಂತ ಮೊದಲೇ ಕೈಯಾರೆ ಎದುರಿಸಿದವರು ಬೈಬಲ್ ಅನುವಾದಕರು. ಲಂಡನ್ ಮಿಷನ್ನಿನ ಜಾರ್ಜ್ ಕ್ರಾನ್, ಆಗಸ್ಟಸ್ ದೆ ಗ್ರಾಂಜ್ ಇಬ್ಬರೂ 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದು ತೆಲುಗು ಕಲಿತು ಸುವಾರ್ತೆಗಳ ಅನುವಾದಕ್ಕೆ ಕೂತರು. ಆನಂದರಾಯ ಎಂಬ ಬ್ರಾಹ್ಮಣ ಮತಾಂತರಿ ಜೊತೆಗಿದ್ದ. ಕ್ರಾನ್ 1809ರಲ್ಲಿ, ದೆ ಗ್ರಾಂಜ್ 1810ರಲ್ಲಿ ತೀರಿಕೊಂಡರು; ಮೂರು ಸುವಾರ್ತೆಗಳು 1812ರಲ್ಲಿ ಸೇರಾಂಪುರದಲ್ಲಿ ಅಚ್ಚಾದವು. ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆ ನಿಂತು ಕನ್ನಡ ಬೈಬಲಿಗೆ ಕೈಹಾಕಿದರು. ಅವರ ಜೊತೆಗಾರ ವಿಲಿಯಂ ರೀವ್ ಎರಡು ನಿಘಂಟುಗಳನ್ನು ಕಟ್ಟಿದರು. ಆಮೇಲೆ ಎರಡೂ ಭಾಷೆಯಲ್ಲಿ ಅನುವಾದ ತಿದ್ದಿ ತಿದ್ದಿ ಹಲವು ಸಲ ಮರುಹುಟ್ಟು ಪಡೆಯಿತು. ಈಗ ಸಭೆಗಳಲ್ಲಿ ಬಹುಕಾಲದಿಂದ ಓದುತ್ತ ಬಂದಿರುವ ಪ್ರತಿಗಳಲ್ಲಿ ಯೋಹಾನನ ಮೊದಲ ಅಧ್ಯಾಯ ತೆಗೆದು ನೋಡಿ. ವಾಕ್ಯವು ಮನುಷ್ಯನಾದ ಕಡೆ ತೆಲುಗು ‘ಶರೀರಧಾರಿ’ ಎನ್ನುತ್ತದೆ. ಕನ್ನಡ ‘ನರಾವತಾರ’ ಎನ್ನುತ್ತದೆ. ಗಡಿಯ ಆ ಕಡೆ ಮಾಂಸದ ಪದ, ಈ ಕಡೆ ಇಳಿತದ ಪದ. ತೆಲುಗಿನವರು ಲ್ಯಾಟಿನ್ನಿಗೆ ನಿಷ್ಠರಾದರು, ಕನ್ನಡದವರು ಕೇಳುವ ಕಿವಿಗೆ. ನರ ಎಂಬ ವಿಶೇಷಣ ಸೇರಿಸಿದ್ದರಲ್ಲಿ ಒಂದು ಎಚ್ಚರವೂ ಇದೆ: ಮೀನು ಆಮೆ ಅಲ್ಲ, ನರ. ಇದೇ ಇಗರ್ಜಿಗಳಲ್ಲಿ ‘ಮನುಷ್ಯಾವತಾರ’ವೂ ಕೇಳಿಬರುತ್ತದೆ. ಅಚ್ಚಗನ್ನಡದಲ್ಲಿ ಮಾಂಸದ ಅರ್ಥಕ್ಕೆ ಪದವಿಲ್ಲವೆಂದೂ ಅಲ್ಲ. ಮೈದಾಳು, ಮೈವೆತ್ತು ಇವೆ. ಕರುಣೆ ಮೈವೆತ್ತಂತೆ ಅನ್ನುತ್ತೇವಲ್ಲ, ಇಂಗ್ಲಿಷಿನ ಎಂಬಾಡಿಮೆಂಟಿಗೆ ಅದಕ್ಕಿಂತ ಒಳ್ಳೆಯ ಪದ ಬೇಕೇ?

ಅವತಾರ ಎಂಬ ಪದವನ್ನು ಗೌರವಕ್ಕಾಗಿ ಕೊಡುವುದೂ ಉಂಟು, ನುಂಗುವುದಕ್ಕಾಗಿ ಕೊಡುವುದೂ ಉಂಟು. ವಿಜಯವಾಡದಿಂದ 20 ಕಿ.ಮೀ. ಆಸುಪಾಸಿನಲ್ಲಿರುವ ಕೊಂಡಪಲ್ಲಿಯ ಬೊಂಬೆಗಳನ್ನು ನೋಡಿ. ತೆಲ್ಲ ಪೊಣಿಕಿ ಎಂಬ ಹಗುರ ಮರದಲ್ಲಿ ಕೆತ್ತಿ ಬಣ್ಣ ಬಳಿದ ದಶಾವತಾರದ ಸೆಟ್ಟು ಅಲ್ಲಿ ಬಲು ಖರ್ಚಾಗುವ ಸಾಮಾನು. ನನ್ನ ಮನೆಯ ಕಪಾಟಿನಲ್ಲೂ ಒಂದಿದೆ. ಒಂದೊಂದೂ ಹೆಬ್ಬೆರಳಿಗಿಂತ ಸ್ವಲ್ಪ ಎತ್ತರ. ಮತ್ಸ್ಯನಿಗೆ ಹಸಿರು ಬಾಲ, ವಾಮನನಿಗೆ ಕೊಡೆ, ಕಲ್ಕಿಯ ಕುದುರೆಯ ಒಂದು ಕಿವಿ ದಾರಿಯಲ್ಲೇ ಮುರಿದಿತ್ತು. ಮನೆಗೆ ಬಂದವರು ಎಂಟನ್ನು ತಟ್ಟನೆ ಗುರುತಿಸಿ ಮುಂದೆ ತಡವರಿಸುತ್ತಾರೆ. ಒಂದು ಪಟ್ಟಿಯಲ್ಲಿ ಬಲರಾಮ ಇದ್ದಾನೆ, ಬುದ್ಧ ಇಲ್ಲ. ಇನ್ನೊಂದರಲ್ಲಿ ಬುದ್ಧ ಇದ್ದಾನೆ, ಬಲರಾಮ ಇಲ್ಲ. ಮೈಸೂರಿನ ದಶಾವತಾರ ಗಂಜೀಫಾದ ನೂರಿಪ್ಪತ್ತು ಎಲೆಗಳಲ್ಲಾದರೂ ಹತ್ತು ಬಣ್ಣ ಬೇಕೇ ಬೇಕು, ಒಬ್ಬರನ್ನು ಹಿಡಿದು ಕೂರಿಸಲೇಬೇಕು.

ಬುದ್ಧನನ್ನು ಆ ಜಾಗದಲ್ಲಿ ಕೂರಿಸಿದ್ದು ಬೊಂಬೆಯಾಟದ ಮಾತಲ್ಲ. ಹನ್ನೆರಡನೆಯ ಶತಮಾನದ ಜಯದೇವನ ಹೊತ್ತಿಗೆ ಅದು ಗಟ್ಟಿಯಾಗಿತ್ತು. ಕೊಂಡಪಲ್ಲಿಯ ಪಶ್ಚಿಮಕ್ಕೆ ಕೃಷ್ಣೆಯ ದಂಡೆಯಲ್ಲಿ ಅಮರಾವತಿಯ ಸ್ತೂಪ, ಬ್ಯಾರೇಜಿನ ಆಚೆದಡದ ಉಂಡವಲ್ಲಿ ಗುಹೆಯಲ್ಲಿ ಮಲಗಿದ ಅನಂತಪದ್ಮನಾಭ, ವೈಜಾಗಿನ ಸಮುದ್ರದಂಡೆಯ ಗುಡ್ಡಗಳ ಮೇಲೆ ತೊಟ್ಲಕೊಂಡ, ಬಾವಿಕೊಂಡ ವಿಹಾರಗಳು. ಬುದ್ಧನ ಊರುಗಳ ಮೇಲೆ ವಿಷ್ಣುವಿನ ಊರುಗಳು ಹೇಗೆ ಪದರ ಕಟ್ಟಿವೆ ಎಂಬುದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಅಂಬೇಡ್ಕರ್ 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬೋಧಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಐದನೆಯದು ಇದನ್ನೇ ನೇರವಾಗಿ ನಿರಾಕರಿಸುತ್ತದೆ: ಬುದ್ಧ ವಿಷ್ಣುವಿನ ಅವತಾರವಲ್ಲ. ಅವರ ಪಾಲಿಗೆ ಆ ಪದ ಪ್ರಣಾಮವಾಗಿರಲಿಲ್ಲ, ಜಪ್ತಿಯಾಗಿತ್ತು. ಕನ್ನಡದಲ್ಲೂ ಇಂಥದೊಂದು ನಡೆದಿದೆ. ಹುಟ್ಟುವ ಸಾಯುವ ದೇವರನ್ನು ವಚನಕಾರರು ಒಪ್ಪಲಿಲ್ಲ. ಆದರೆ ತೆಲುಗಿನ ಪಾಲ್ಕುರಿಕಿ ಸೋಮನಾಥ ಬಸವಪುರಾಣ ಬರೆದು, ಅದನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ ಹೊತ್ತಿಗೆ ಬಸವಣ್ಣನೇ ನಂದಿಯ ಅವತಾರವಾಗಿದ್ದ. ಅವತಾರವನ್ನು ಅಲ್ಲಗಳೆದವರಿಗೂ ಅವತಾರದಿಂದ ಬಿಡುಗಡೆಯಿಲ್ಲ!

ಪರದೆಯ ಮೇಲಿನ ಅವತಾರ್ ಹುಟ್ಟಿದ್ದು ಹೀಗೆ. ಅಮೆರಿಕದ ರಿಚರ್ಡ್ ಗ್ಯಾರಿಯಟ್ 1985ರಲ್ಲಿ ‘ಅಲ್ಟಿಮಾ’ ಸರಣಿಯ ನಾಲ್ಕನೆಯ ಆಟದ ಹೆಸರಿನಲ್ಲೇ ಈ ಪದವನ್ನಿಟ್ಟ. ಆಡುವವನು ಬೇರೆ ಪಾತ್ರವಾಗಿ ಸುಳ್ಳು ಹೇಳಿ ಕದ್ದು ಗೆಲ್ಲಬಾರದು, ಆಟದೊಳಗೆ ಇಳಿದವನು ತಾನೇ, ಒಳಿತು ಕೆಡುಕಿಗೆ ತಾನೇ ಹೊಣೆ ಎಂಬುದು ಅವನ ಆಸೆ. ಲೂಕಾಸ್‌ಫಿಲ್ಮ್‌ನವರ ‘ಹ್ಯಾಬಿಟ್ಯಾಟ್’ ಹೆಚ್ಚುಕಡಿಮೆ ಅದೇ ಕಾಲದ್ದು. ನೀಲ್ ಸ್ಟೀಫನ್‌ಸನ್‌ನ 1992ರ ಕಾದಂಬರಿ ‘ಸ್ನೋ ಕ್ರ್ಯಾಶ್’ ಪದವನ್ನು ಮನೆಮಾತು ಮಾಡಿತು. ಗ್ಯಾರಿಯಟ್ಟನ ಮೂಲ ಕಲ್ಪನೆಯಲ್ಲಿ ಇಳಿತವೂ ಇತ್ತು, ಋಣವೂ ಇತ್ತು ಎಂಬುದು ನನಗೆ ಆಶ್ಚರ್ಯ. ನಾವು ಈಗ ಬಳಸುವ ಅವತಾರ್‌ಗೆ ಎರಡೂ ಇಲ್ಲ. ಕೂದಲು ಬದಲಿಸು, ಕನ್ನಡಕ ಹಾಕು, ಅಂಗಿಯ ಬಣ್ಣ ಆರಿಸು. ಇದು ಸಿಂಹಾಚಲದ್ದಲ್ಲ, ನವರಾತ್ರಿಯದು. ಅಲಂಕಾರ. ಅಮ್ಮನಿಲ್ಲದ ಬರಿಯ ಸೀರೆ.

ಜೇಮ್ಸ್ ಕ್ಯಾಮರಾನ್ 2009ರಲ್ಲಿ ಆ ಹೆಸರಿನ ಚಿತ್ರ ತೆಗೆದಾಗ ನಮ್ಮ ಪತ್ರಿಕೆಗಳಲ್ಲಿ ಒಂದು ಸಣ್ಣ ಕಾಗುಣಿತದ ಘಟನೆ ನಡೆಯಿತು. ಯಾರೂ ‘ಅವತಾರ’ ಎಂದು ಬರೆಯಲಿಲ್ಲ, ‘ಅವತಾರ್’ ಎಂದು ಬರೆದರು. ಪದದ ಕೊನೆಗೆ ಸ್ವರ ಬೇಡುವ ಭಾಷೆ ನಮ್ಮದು. ಬಸ್ಸು, ಕಾರು, ಬ್ಯಾಂಕು ಎಲ್ಲಕ್ಕೂ ಬಾಲ ಹಚ್ಚಿದವರು ನಾವು. ನಮ್ಮದೇ ಪದ ವಿದೇಶದಿಂದ ಮರಳಿದಾಗ ಮಾತ್ರ ಬಾಲ ಕತ್ತರಿಸಿ ಒಳಗೆ ಬಿಟ್ಟೆವು. ಒಳ್ಳೆಯದೇ ಆಯಿತು: ಒಂದು ಅಕಾರದ ಅಂತರದಲ್ಲಿ ದೇವರು ಬೇರೆ, ಆಟ ಬೇರೆ. ಎರಡನೆಯ ಭಾಗ 2022ರಲ್ಲಿ ಕನ್ನಡಕ್ಕೂ ಡಬ್ ಆಗಿ ಬಂತು. ಸಿನಿಮಾ ವರದಿಗಾರರಿಗೆ ಡಬ್ ಆದದ್ದನ್ನು ಹೇಳಲು ಒಂದು ಮಾಮೂಲು ಪದವಿದೆ, ಅವತರಣಿಕೆ. ಹಾಗಾಗಿ ‘ಅವತಾರ್ ಚಿತ್ರದ ಕನ್ನಡ ಅವತರಣಿಕೆ’! ಒಂದೇ ಧಾತು ಒಂದೇ ಸಾಲಿನಲ್ಲಿ ಎರಡು ಸಲ ಇಳಿದು, ಎರಡು ಸಲವೂ ಯಾರ ಗಮನಕ್ಕೂ ಬೀಳಲಿಲ್ಲ. ಹೊಂಬಾಳೆಯವರು 2025ರಲ್ಲಿ ಅರ್ಪಿಸಿದ ಆನಿಮೇಶನ್ ಚಿತ್ರ ‘ಮಹಾವತಾರ ನರಸಿಂಹ’ ಬಂದಾಗ ಬಾಲ ಮತ್ತೆ ಮರಳಿತು.

ಇಂಡಿಯನ್ ಇಂಗ್ಲಿಷಿನಲ್ಲಂತೂ ಈಗ ರೈಲುನಿಲ್ದಾಣಕ್ಕೆ ಬಣ್ಣ ಬಳಿದರೆ ‘ನ್ಯೂ ಅವತಾರ್’, ಸ್ಕೂಟರಿಗೆ ಹೊಸ ದೀಪ ಹಾಕಿದರೆ ‘ನ್ಯೂ ಅವತಾರ್’. ಅದನ್ನು ಕನ್ನಡಕ್ಕೆ ಇಳಿಸುವ ಉಪಸಂಪಾದಕರು ‘ಹೊಸ ಅವತಾರದಲ್ಲಿ’ ಎನ್ನುತ್ತಾರೆ. ಮೊದಲು ‘ಹೊಸ ರೂಪದಲ್ಲಿ’ ಎನ್ನುತ್ತಿದ್ದೆವು, ಅದರಲ್ಲೇನು ಕೊರತೆಯಿತ್ತೋ ತಿಳಿಯದು. ಸ್ಕೂಟರು ಎಲ್ಲಿಂದ ಇಳಿಯಿತು?

ಆದರೆ ಪದ ಸವೆದದ್ದಕ್ಕೆ ಇಂಗ್ಲಿಷನ್ನು ದೂರುವುದೂ ನ್ಯಾಯವಲ್ಲ. ಕಂಪ್ಯೂಟರಿಗಿಂತ ಎಷ್ಟೋ ಮುಂಚೆ ಅದನ್ನು ಬೀದಿಗೆ ತಂದವರು ನಮ್ಮ ಅಜ್ಜಿಯರು. ಕೆಸರಿನಲ್ಲಿ ಹೊರಳಿ ಬಂದ ಮೊಮ್ಮಗನಿಗೆ ‘ಏನೋ ಇದು ನಿನ್ನ ಅವತಾರ?’ ಕೃಷ್ಣೆಯ ದಂಡೆಯಲ್ಲೂ ಅದೇ: ‘ಏಂಟ್ರಾ ಈ ಅವತಾರಂ?’ ಸಿಟ್ಟು ಬಂದರೆ ಉಗ್ರಾವತಾರ, ಕೆಲಸ ಹೋದರೆ ಅವತಾರ ಮುಗೀತು, ನಾಟಕ ಮಾಡಿದರೆ ಏನೇನೋ ಅವತಾರ. ಸತ್ತರೆ ತೆಲುಗಿನಲ್ಲಿ ‘ಅವತಾರಂ ಚಾಲಿಂಚು’, ಅವತಾರ ಸಾಕುಮಾಡುವುದು. ಫ್ರೆಂಚರು ಕೂಡ, ನಮ್ಮ ಅಜ್ಜಿಯರ ಸಹವಾಸವಿಲ್ಲದೆಯೇ, ಹೆಚ್ಚುಕಡಿಮೆ ಇಲ್ಲಿಗೇ ಬಂದು ಮುಟ್ಟಿದರು. ಅಲ್ಲಿನ ಲೇಖಕ ಗೋತಿಯೆ 1856ರಲ್ಲಿ ‘ಅವತಾರ್’ ಎಂಬ ಕಿರುಕಾದಂಬರಿ ಬರೆದ. ಭಾರತದಲ್ಲಿ ವಿದ್ಯೆ ಕಲಿತ ವೈದ್ಯನೊಬ್ಬ ಇಬ್ಬರ ಆತ್ಮಗಳನ್ನು ಅದಲುಬದಲು ಮಾಡುವ ಕಥೆ. ಈಗ ಫ್ರೆಂಚಿನ ಆಡುಮಾತಿನಲ್ಲಿ ಅವತಾರ್ ಎಂದರೆ ಪಜೀತಿ, ತಾಪತ್ರಯ.

ಅವತಾರ ಹೀಗೆ ರೂಪವಾಗಿ, ಉಡುಪಾಗಿ, ಪಜೀತಿಯಾಗಿ ಸವೆದ ಮೇಲೆ ಇಳಿತದ ಅರ್ಥ ಎಲ್ಲಿ ಹೋಯಿತು? ಕಳೆದುಹೋಗಿಲ್ಲ, ಮನೆ ಬದಲಿಸಿದೆ. ದೇವರೇ ಧರೆಗಿಳಿದು ಬಂದರೂ ಈ ರಸ್ತೆ ರಿಪೇರಿ ಆಗದು ಎನ್ನುವಾಗ ನಾವು ಸಂಸ್ಕೃತವನ್ನು ಮುಟ್ಟುವುದೇ ಇಲ್ಲ. ಬೇಂದ್ರೆ ತಮ್ಮ ಕವಿತೆಗೆ ‘ಗಂಗಾವತರಣ’ ಎಂದು ಭಾರಿ ಹೆಸರಿಟ್ಟರೂ ಒಳಗೆ ತಾಯಿಯನ್ನು ಕರೆಯಲು ಆರಿಸಿಕೊಂಡದ್ದು ‘ಇಳಿ’ ಎಂಬ ಬರಿಗಾಲಿನ ಕ್ರಿಯಾಪದ. ಯಾವ ಇಂಗ್ಲಿಷ್ ನಿಘಂಟಿನ ಸಮಾನಾರ್ಥಕಗಳ ಪಟ್ಟಿಯಲ್ಲೂ ಅದು ಇಲ್ಲ. ನನ್ನನ್ನು ಕೇಳಿದರೆ ಪಟ್ಟಿಯ ಮೊದಲಿಗೆ ಬರೆಯಬೇಕಾದದ್ದು ಅದನ್ನೇ. ತೆಲುಗಿನಲ್ಲಿ ಅದಕ್ಕೆ ‘ದಿಗು’ ಎನ್ನುತ್ತಾರೆ. ಸಿಟಿ ಬಸ್ಸಿನ ಕಂಡಕ್ಟರು ದಿನಕ್ಕೆ ಇನ್ನೂರು ಸಲ ಕೂಗುವ ಪದ.

ಆ ನವರಾತ್ರಿಯ ಮೂಲಾ ನಕ್ಷತ್ರದ ದಿನ ನಾನು ಸಾಲಿನಲ್ಲಿ ನಿಲ್ಲುವ ಸಾಹಸ ಮಾಡದೆ ಘಾಟಿನ ಕಡೆ ಹೋದೆ. ಕೆಂಪುಸೀರೆಯ ಭವಾನಿದೀಕ್ಷೆಯ ಹೆಂಗಸರು, ಬಕೆಟ್ಟು, ಒದ್ದೆ ಮೆಟ್ಟಿಲು. ಮೇಲೆ ಬೆಟ್ಟದ ಮೈಕಿನಲ್ಲಿ ಅಮ್ಮನವರ ಇಂದಿನ ಅವತಾರದ ಹೆಸರು ಹೇಳುತ್ತಲೇ ಇದ್ದರು. ನನ್ನ ಮುಂದೆ ಒಬ್ಬ ವೃದ್ಧೆ, ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲಿಡಲು ಹೆದರಿ ನಿಂತಿದ್ದಳು. ಸೊಸೆ ಆಗಲೇ ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡೂ ಕೈ ಮೇಲಕ್ಕೆ ಚಾಚಿದ್ದಳು.

‘ಮೆಲ್ಲಗಾ ದಿಗಂಡಿ, ಅತ್ತಯ್ಯಾ,’ ಅಂದಳು. ‘ನೇನುನ್ನಾನುಗಾ.’ ನಾನಿದ್ದೀನಲ್ಲ.

ಅತ್ತೆ ಇಳಿದಳು.